ಹಲ್ಲು ಕಿತ್ತ ಕುಳಿಗೆ ಸಿಂಥೆಟಿಕ್ ಗ್ರಾಫ್ಟ್ ತುಂಬುವ ಕ್ರಮ

ಹಲ್ಲು ಕಿತ್ತ ದಿನದಿಂದಲೇ ಆ ಜಾಗದ ಮೂಳೆ ಸವೆಯತೊಡಗುತ್ತದೆ. ಒಂದು ವರ್ಷದಲ್ಲಿ ಅದರ ಅಗಲ ಹೆಚ್ಚುಕಡಿಮೆ ಅರ್ಧಕ್ಕಿಳಿಯಬಹುದು. ಹೋಗುವುದರಲ್ಲಿ ಮೂರರಲ್ಲಿ ಎರಡು ಪಾಲು ಮೊದಲ 3 ತಿಂಗಳಲ್ಲೇ ಹೋಗುತ್ತದೆ. ಆಮೇಲೆ ಇಂಪ್ಲಾಂಟ್ (ಮೂಳೆಯೊಳಗೆ ಇಡುವ ಕೃತಕ ಹಲ್ಲಿನ ಬೇರು) ಕೂರಿಸಲು ಜಾಗವೇ ಸಾಲುವುದಿಲ್ಲ. ಕುಳಿಗೆ ಗ್ರಾಫ್ಟ್, ಅಂದರೆ ಮೂಳೆಯ ಬದಲಿಗೆ ಹಾಕುವ ಕೃತಕ ಕಾಳು, ತುಂಬಿದರೆ ಸವೆತ ಪೂರ್ತಿ ನಿಲ್ಲದು, ಕಡಿಮೆಯಾಗುತ್ತದೆ. ರೋಗಿಗೂ ಇಷ್ಟೇ ಹೇಳಿ. ದಾವಣಗೆರೆಯ ಎರಡು ಡೆಂಟಲ್ ಕಾಲೇಜುಗಳಲ್ಲಿ ಓದಿ ಈಗಷ್ಟೇ ಕ್ಲಿನಿಕ್ ಹಾಕಿದವರಿಗಾಗಿ ಈ ಬರಹ.

ಬಾಟಲಿಯೊಳಗಿನ ಬಿಳಿ ಕಾಳು ಗಾರೆಯವರು ಕಟ್ಟುವ ಸಾರುವೆ ಇದ್ದಂತೆ. ಗೋಡೆ ಎಬ್ಬಿಸುವುದು ರೋಗಿಯ ರಕ್ತ ಮತ್ತು ಅದರ ಜೊತೆ ಬರುವ ಕೋಶಗಳು. ಕೇಸು ಕೆಡುವುದು ಬಹುಮಟ್ಟಿಗೆ ಇದನ್ನು ಮರೆತಾಗಲೇ.

ಕಾಳಿನಲ್ಲಿ ಹಲವು ಬಗೆ. ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಸುಮಾರು 6ರಿಂದ 18 ತಿಂಗಳಲ್ಲಿ ಕರಗಿ ಮೂಳೆಗೆ ಜಾಗ ಬಿಡುತ್ತದೆ. ಹೈಡ್ರಾಕ್ಸಿಅಪಟೈಟ್ ವರ್ಷಗಟ್ಟಲೆ ಹಾಗೇ ಉಳಿದು ಆಕಾರ ಕಾಯುತ್ತದೆ. ಹೈಡ್ರಾಕ್ಸಿಅಪಟೈಟ್ 60, ಟ್ರೈಕ್ಯಾಲ್ಸಿಯಂ 40 ಪಾಲು ಇರುವ ಬೈಫೇಸಿಕ್ ಕಾಳು ಹೊಸಬರಿಗೆ ವಾಸಿ. ಕ್ಯಾಲ್ಸಿಯಂ ಸಲ್ಫೇಟ್, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್, 1892ರಷ್ಟು ಹಿಂದೆಯೇ ಮೂಳೆಯ ಕುಳಿ ತುಂಬಲು ಬಳಕೆಯಾಗಿತ್ತು. ಆದರೆ 4ರಿಂದ 12 ವಾರದಲ್ಲೇ ಕರಗಿಹೋಗುವುದರಿಂದ ಅದೊಂದೇ ಸಾಲದು. 1969ರಲ್ಲಿ ಅಮೆರಿಕದ ವಿಜ್ಞಾನಿ ಲ್ಯಾರಿ ಹೆಂಚ್ ರೂಪಿಸಿದ ಬಯೋಗ್ಲಾಸ್ ಎಂಬ ಗಾಜಿನ ಕಾಳು ರಕ್ತ ತಾಗಿದೊಡನೆ ಅಂಟಂಟಾಗುತ್ತದೆ, ಕುಳಿಯಲ್ಲಿ ಕೂರಿಸುವುದು ಸಲೀಸು. ಯಾವುದೇ ಆಗಲಿ, ಕಾಳಿನ ಗಾತ್ರ 0.25ರಿಂದ 1 ಮಿ.ಮೀ. ಇರಲಿ. ಮುಂದಿನ ಹಲ್ಲಿಗೆ ಸುಮಾರು 0.5 ಸಿಸಿ, ದವಡೆ ಹಲ್ಲಿಗೆ 1 ಸಿಸಿ ಬೇಕಾಗುತ್ತದೆ. ಉಳಿದದ್ದನ್ನು ಆಟೋಕ್ಲೇವ್ ಮಾಡಿ ಇನ್ನೊಬ್ಬರಿಗೆ ಹಾಕುವುದು ತಪ್ಪು, ಎಸೆಯಿರಿ.

ಕೀವು ಸುರಿಯುತ್ತಿದ್ದರೆ ಅಂದು ಗ್ರಾಫ್ಟ್ ಬೇಡವೇ ಬೇಡ. ಸಕ್ಕರೆ ಹತೋಟಿಯಲ್ಲಿಲ್ಲದವರು, ದವಡೆಗೆ ರೇಡಿಯೇಷನ್ ಆದವರು, ಮೂಳೆಗೆಂದು ಕೊಡುವ ಜೊಲೆಡ್ರೋನಿಕ್ ಆಸಿಡ್ ಪಡೆದವರಾದರೆ ಹಲ್ಲು ಕೀಳುವ ಮೊದಲೇ ಅವರ ಡಾಕ್ಟರ ಜೊತೆ ಮಾತಾಡಿ. ಔಷಧದ ಹೆಸರು ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. "ಮೂಳೆಗೆ ಅಂತ ವರ್ಷಕ್ಕೊಂದು ಸಲ ಡ್ರಿಪ್ ಹಾಕಿಸ್ಕೊಳ್ತೀರಾ?" ಎಂದು ಕೇಳಿ, ತಟ್ಟನೆ ಉತ್ತರ ಬರುತ್ತದೆ.

ಹಲ್ಲನ್ನು ತೆಳು ಅಲಗಿನ ಪೆರಿಯೋಟೋಮ್‌ನಿಂದ ನಿಧಾನವಾಗಿ ಸಡಿಲಿಸಿ. ಮೇಲ್ದವಡೆಯ ಮುಂದಿನ ಹಲ್ಲುಗಳ ತುಟಿ ಕಡೆಯ ಮೂಳೆ ಬಹಳ ಸಲ 1 ಮಿ.ಮೀ.ಗಿಂತ ತೆಳು, ಫೋರ್ಸೆಪ್ಸ್‌ನಿಂದ ಆ ಕಡೆಗೆ ಅದುಮಿದರೆ ಮುರಿದು ಹಲ್ಲಿನ ಜೊತೆಯೇ ಬರುತ್ತದೆ. ದವಡೆ ಹಲ್ಲಿನ ಬೇರುಗಳನ್ನು ಬೇರ್ಪಡಿಸಿ ಒಂದೊಂದಾಗಿ ತೆಗೆಯಿರಿ. ಮೆತ್ತನೆಯ ಕೆಂಪು ಊತಕವೆಲ್ಲ ಹೋಗಿ ಕ್ಯುರೆಟ್‌ಗೆ ಗಟ್ಟಿ ಮೂಳೆ ಗರಗರ ಎನ್ನುವವರೆಗೆ ಕೆರೆದು, ಸಲೈನ್‌ನಲ್ಲಿ ತೊಳೆಯಿರಿ. ಪ್ರೋಬ್ ಇಳಿಸಿ ನಾಲ್ಕೂ ಗೋಡೆ ಮುಟ್ಟಿ ನೋಡಿ. ತುಟಿ ಕಡೆಯ ಗೋಡೆ ಇಲ್ಲದಿದ್ದರೆ ಮೊದಲು ಅಲ್ಲಿ ಕೊಲಾಜನ್ ಮೆಂಬ್ರೇನ್ (ತೆಳು ಪೊರೆ) ಇಳಿಸಬೇಕು. ಕುಳಿ ಒಣಗಿ ಕಂಡರೆ ಇನ್ನೊಮ್ಮೆ ಕೆರೆದು ರಕ್ತ ಬರಿಸಿ. ಬರಲಿಲ್ಲವೆಂದರೆ ತುಂಬಬೇಡಿ.

ಈಗ ಕಾಳನ್ನು ಪುಟ್ಟ ಬಟ್ಟಲಿನಂಥ ಡ್ಯಾಪನ್ ಡಿಷ್‌ಗೆ ಸುರಿದು ಕುಳಿಯಿಂದಲೇ ಎಳೆದ ರಕ್ತದಲ್ಲಿ ನೆನೆಸಿ. ಒದ್ದೆ ಮರಳಿನ ಹಾಗೆ ಒಟ್ಟಾದರೆ ಹದ ಸರಿ. ಡಿಷ್‌ನಲ್ಲಿ ರಕ್ತ ನಿಂತಿದ್ದರೆ ಗಾಜ್ ಮೂಲೆಯಿಂದ ಹೀರಿಸಿ. ತಳದಿಂದ ಸ್ವಲ್ಪ ಸ್ವಲ್ಪವೇ ತುಂಬುತ್ತ ಬನ್ನಿ. ಕಾಳಿನ ನಡುವಿನ ಸಂದಿಯಲ್ಲೇ ರಕ್ತನಾಳ ಬೆಳೆಯಬೇಕು. ನಮ್ಮೂರಲ್ಲಿ ಒಗ್ಗರಣೆಗೆ ಮಂಡಕ್ಕಿ ನೆನೆಸುವ ಕೈಯನ್ನು ನೆನೆಯಿರಿ: ಹಗುರವಾಗಿ ಹಿಂಡಿದರೆ ಕಾಳು ಕಾಳಾಗಿ ಉಳಿಯುತ್ತದೆ, ಬಲವಾಗಿ ಹಿಂಡಿದರೆ ಮುದ್ದೆ. ಪ್ಲಗರ್ ಅಂಥ ಕೈಯಿಂದಲೇ ಒತ್ತಬೇಕು. ಗಟ್ಟಿಯಾಗಿ ಜಡಿದಲ್ಲಿ ಮೂಳೆಯ ಬದಲು ನಾರು ಬೆಳೆಯುತ್ತದೆ. ಮೂಳೆಯ ಅಂಚಿನ ಮಟ್ಟಕ್ಕೆ ನಿಲ್ಲಿಸಿ. ಅದರ ಮೇಲೆ ಏರಿಸಿದ ಕಾಳು ಬಾಯಿಗೇ ಉದುರುತ್ತದೆ.

ಮೇಲೆ ಕೊಲಾಜನ್ ಪ್ಲಗ್ ಇಟ್ಟು 4-0 ದಾರದಿಂದ ಅಡ್ಡಡ್ಡ ಹೊಲಿಗೆ ಹಾಕಿ. ಒಸಡನ್ನು ಎಳೆದು ಪೂರ್ತಿ ಮುಚ್ಚುವ ಹಟ ಬೇಡ. ಹೊಲಿಗೆ ಬಿಚ್ಚುವುದು 7ರಿಂದ 10 ದಿನಕ್ಕೆ.

ರೋಗಿ ಜಗಳೂರಿಗೋ ಚನ್ನಗಿರಿಗೋ ಬಸ್ಸು ಹತ್ತುವ ಮೊದಲು ಗಾಜ್ ಕಚ್ಚಿಸಿ ಅರ್ಧ ಗಂಟೆ ಕೂರಿಸಿಕೊಂಡು ನೋಡಿ. 24 ಗಂಟೆ ಬಾಯಿ ಮುಕ್ಕಳಿಸುವಂತಿಲ್ಲ, ಉಗುಳುವಂತಿಲ್ಲ, ಸ್ಟ್ರಾ ಬಳಸುವಂತಿಲ್ಲ. ಆರಿದ ಗಂಜಿ, ತಿಳಿಯಾದ ರಾಗಿ ಅಂಬಲಿ ಸಾಕು. ಖಾರ ಮಂಡಕ್ಕಿ, ಮಿರ್ಚಿ, ಬೆಣ್ಣೆ ದೋಸೆಯ ಗರಿಗರಿ ಅಂಚು ಹೊಲಿಗೆ ಬಿಚ್ಚುವವರೆಗೆ ಬೇಡ ಎಂದು ಹೆಸರು ಹೇಳಿಯೇ ತಿಳಿಸಿ; "ಮೆತ್ತಗಿನದು ತಿನ್ನಿ" ಎಂದರೆ ಮಂಡಕ್ಕಿಯೂ ಮೆತ್ತಗೇ ಅಂದುಕೊಳ್ಳುತ್ತಾರೆ. ಅಡಿಕೆ ಚೂರು ಹೊಲಿಗೆಯಡಿ ಸಿಕ್ಕಿಕೊಳ್ಳುತ್ತದೆ. ಬೀಡಿ, ತಂಬಾಕು ರಕ್ತನಾಳ ಕುಗ್ಗಿಸಿ ಗಾಯ ಮಾಯದಂತೆ ಮಾಡುತ್ತವೆ. ಮೊದಲ ದಿನಗಳಲ್ಲಿ ಎರಡು ಮೂರು ಕಾಳು ನಾಲಿಗೆಗೆ ಸಿಕ್ಕರೆ ಗಾಬರಿ ಬೇಡ. ದಿನಾ ಉದುರುತ್ತಿದ್ದರೆ, ನೋವು ಮೂರನೇ ದಿನದ ಮೇಲೆ ಏರುತ್ತಿದ್ದರೆ ಕರೆಸಿಕೊಳ್ಳಿ. ಕೀವಾಗಿದ್ದರೆ ಕಾಳೆಲ್ಲ ತೆಗೆದು ತೊಳೆಯಬೇಕು. ಮಾತ್ರೆಯೊಂದನ್ನೇ ನಂಬಿದರೆ ಸೋಂಕು ಕಾಳಿನೊಳಗೇ ಅಡಗಿರುತ್ತದೆ.

ಎಕ್ಸ್‌ರೇ ಅಂದೇ ಒಂದು, 4ರಿಂದ 6 ತಿಂಗಳಿಗೆ ಇನ್ನೊಂದು. ಬೆಳ್ಳಗೆ ಕಂಡದ್ದೆಲ್ಲ ಹೊಸ ಮೂಳೆ ಎಂದುಕೊಳ್ಳಬೇಡಿ, ಹೈಡ್ರಾಕ್ಸಿಅಪಟೈಟ್ ಕಾಳೂ ಬೆಳ್ಳಗೇ ಕಾಣುತ್ತದೆ. ನಿಜ ತಿಳಿಯುವುದು ಇಂಪ್ಲಾಂಟಿಗಾಗಿ ಡ್ರಿಲ್ ಇಳಿಸಿದಾಗ. ತುದಿಗೆ ರಕ್ತ ಬೆರೆತ ಮೂಳೆಯ ಹೊಟ್ಟು ಅಂಟಿ ಬಂದರೆ ಮುಂದುವರಿಯಿರಿ. ಬಿಡಿ ಕಾಳು ಮರಳಿನಂತೆ ಜಾರಿ ಬಂದರೆ ಅಲ್ಲಿಗೇ ನಿಲ್ಲಿಸಿ, ಸಡಿಲವಾದದ್ದನ್ನೆಲ್ಲ ಕೆರೆದು ತೆಗೆದು, ರಕ್ತ ಬರಿಸಿ, ಹೊಲಿದು ಕಳಿಸಿ.