ಪೋರ್ಚುಗೀಸಿನ ‘ಕೆ’ ಮತ್ತು ಅದರ ಬಳಗ: ಪೋರ್ಚುಗಲ್‌ಗೆ ಹೊಸದಾಗಿ ಬಂದ ಕನ್ನಡಿಗರಿಗೆ

ಅಂಗಡಿಯಲ್ಲಿ, ಬಸ್ಸಿನಲ್ಲಿ ಬೇಕಾಗುವಷ್ಟು ಪೋರ್ಚುಗೀಸನ್ನು ನಮ್ಮವರು ಬೇಗನೆ ಕಲಿಯುತ್ತಾರೆ. ಆದರೆ ಮನೆಯ ಬಾಡಿಗೆ ಕರಾರನ್ನೋ ಕಚೇರಿಯ ಪತ್ರವನ್ನೋ ಓದಲು ಕುಳಿತಾಗ ಸಂಬಂಧಾರ್ಥಕ ಸರ್ವನಾಮಗಳಲ್ಲಿ, ಅಂದರೆ ನಾಮಪದಕ್ಕೆ ಅದರ ವಿವರಣೆಯನ್ನು ಜೋಡಿಸುವ ಪದಗಳಲ್ಲಿ, ತೊಡರುತ್ತಾರೆ. ಕನ್ನಡದಲ್ಲಿ ‘ನಾನು ಕೊಂಡ ಪುಸ್ತಕ’ ಎಂದು ವಿವರಣೆಯನ್ನು ಮೊದಲು ಹೇಳಿ ನಾಮಪದವನ್ನು ಕೊನೆಗೆ ತರುತ್ತೇವೆ. ಪೋರ್ಚುಗೀಸಿನಲ್ಲಿ ನಾಮಪದ ಮೊದಲು ಬಂದು, ನಡುವೆ ‘ಕೆ’ ಎಂಬ ಕೊಂಡಿಯಿದ್ದು, ವಿವರಣೆ ಅದರ ಹಿಂದೆ ಬರುತ್ತದೆ: ‘ಉ ಲಿವ್ರು ಕೆ ಕೊಂಪ್ರೈ’. ಈ ‘ಕೆ’ ಲಿಂಗ, ವಚನಗಳಿಗೆ ಅನುಗುಣವಾಗಿ ಬದಲಾಗುವುದಿಲ್ಲ; ಮನುಷ್ಯರಿಗೂ ವಸ್ತುಗಳಿಗೂ ಅದೇ ಸಲ್ಲುತ್ತದೆ. ಲಿಸ್ಬನ್ನಿನವರ ಬಾಯಲ್ಲಿ ಅದರ ಸ್ವರ ಬಹುಮಟ್ಟಿಗೆ ಅಡಗಿ ‘ಕ್’ ಎಂದಷ್ಟೇ ಕೇಳಿಸುವುದರಿಂದ, ಕಿವಿ ಪಳಗಲು ಸ್ವಲ್ಪ ಕಾಲ ಬೇಕು.

ಕನ್ನಡಿಗರಿಗೆ ನಿಜವಾದ ತೊಡಕು ವಿಭಕ್ತಿಯದು. ‘ಮನೆಯಲ್ಲಿ ವಾಸಿಸುತ್ತೇನೆ’ ಎಂಬುದು ‘ನಾನು ವಾಸಿಸುವ ಮನೆ’ ಆದಾಗ ‘ಅಲ್ಲಿ’ ಎಂಬ ಪ್ರತ್ಯಯ ತಾನಾಗಿಯೇ ಕಳಚಿಹೋಗುತ್ತದೆ. ‘ನಾನು ಮಾತನಾಡಿದ ಹೆಂಗಸು’ ಎನ್ನುವಾಗ ‘ಒಡನೆ’ ಎಂಬುದೂ ಹಾಗೆಯೇ ಮರೆಯಾಗುತ್ತದೆ. ಪೋರ್ಚುಗೀಸಿನಲ್ಲಿ ಆ ಕೆಲಸ ಮಾಡುವ ಚಿಕ್ಕ ಪದವನ್ನು ಬಿಡುವಂತಿಲ್ಲ, ಅದನ್ನು ಸರ್ವನಾಮದ ಮುಂಚೆಯೇ ಇಡಬೇಕು: ‘ಅ ಕಾಜ಼ ಎಂ ಕೆ ಮೋರು’, ‘ಅ ಸೆನ್ಯೋರ ಕೋಂ ಕೆಂ ಫಲೈ’. ಬ್ರೆಜಿಲ್‌ನ ಆಡುಮಾತಿನಲ್ಲಿ ಇದು ಬಿಟ್ಟುಹೋಗುವುದುಂಟು. ಅದನ್ನು ಕೇಳಿ ಅರ್ಜಿಯಲ್ಲಿಯೂ ಹಾಗೆ ಬರೆಯಬೇಡಿ. ಸ್ಥಳವಾದರೆ ‘ಎಂ ಕೆ’ ಬದಲು ‘ಓಂದೆ’ ಎಂದರೂ ಸರಿಯೇ.

ಎರಡನೆಯ ಉದಾಹರಣೆಯ ‘ಕೆಂ’ ಮನುಷ್ಯರಿಗೆ ಮಾತ್ರ ಸಲ್ಲುತ್ತದೆ, ಅದೂ ಅಂಥ ಚಿಕ್ಕ ಪದದ ಬಳಿಕ. ಇಂಗ್ಲಿಷಿನ ‘ಹೂ’ ನೆನಪಿನಲ್ಲಿಟ್ಟುಕೊಂಡು ‘ಕೌಂಟರಿನಲ್ಲಿ ಕೆಲಸ ಮಾಡುವ ಹೆಂಗಸು’ ಎನ್ನಲು ‘ಕೆಂ’ ಬಳಸುವವರು ಬಹಳ. ಅಲ್ಲಿ ಬೇಕಾದದ್ದು ‘ಕೆ’. ‘ದುರಾಂತೆ’ (ಅವಧಿಯಲ್ಲಿ), ‘ಸೆಂ’ (ಇಲ್ಲದೆ) ಮೊದಲಾದವುಗಳ ಬಳಿಕ ನಾಮಪದದ ಲಿಂಗ, ವಚನಗಳನ್ನು ಅನುಸರಿಸುವ ‘ಉ ಕ್ವಾಲ್’, ‘ಅ ಕ್ವಾಲ್’ ರೂಪಗಳು ಬರುತ್ತವೆ.

ಇನ್ನೊಂದು ವಿಷಯವನ್ನು ತರಗತಿಗಳಲ್ಲಿ ಅವಸರದಲ್ಲಿ ದಾಟಿಸಿಬಿಡುತ್ತಾರೆ. ಪೋರ್ಚುಗಲ್‌ನಲ್ಲಿ ‘ನನಗೆ ಕಳುಹಿಸಿದರು’ ಎನ್ನಲು ‘ಎಂವಿಓ-ಮೆ’ ಎಂದು ‘ಮೆ’ (ನನಗೆ) ಎಂಬ ಸರ್ವನಾಮವನ್ನು ಕ್ರಿಯಾಪದದ ಬಳಿಕ ಸೇರಿಸಿದರೂ, ‘ಕೆ’ ಬಂದೊಡನೆ ಅದು ಮುಂಚೆ ಸರಿಯುತ್ತದೆ: ‘ಉ ಕೊಂತ್ರಾತು ಕೆ ಮೆ ಎಂವಿಓ’.

ಕೊನೆಯದು ‘ಯಾರ’ ಎಂಬ ಅರ್ಥದ ‘ಕೂಝು’. ‘ಯಾರ ಮನೆಯನ್ನು ಬಾಡಿಗೆಗೆ ಪಡೆದೆನೋ ಆ ಮಾಲೀಕರು’ ಎನ್ನುವಾಗ ಮಾಲೀಕರು ಗಂಡಸಾದರೂ ರೂಪ ‘ಕೂಝ ಕಾಜ಼’ ಎಂದೇ ಆಗಬೇಕು, ಏಕೆಂದರೆ ಅದು ಹೊಂದಿಕೊಳ್ಳುವುದು ಒಡೆಯನೊಂದಿಗಲ್ಲ, ಒಡೆತನದ ವಸ್ತುವಿನೊಂದಿಗೆ. ಆಡುಮಾತಿನಲ್ಲಿ ಇದು ಅಪರೂಪ. ಕಾಗದಪತ್ರಗಳನ್ನು ಓದುವಾಗ ಗುರುತಿಸಿದರೆ ಸದ್ಯಕ್ಕೆ ಸಾಕು.