ಬೂನ್‌ಡಾಕಿಂಗ್: ಜಾಗ ಹುಡುಕುವಾಗಲೇ ಅರ್ಧ ಫೋಟೊ ಮುಗಿದಿರಬೇಕು

ಕರೆಂಟು, ನಲ್ಲಿ, ಶೌಚಾಲಯ ಯಾವುದೂ ಇಲ್ಲದ ಸರ್ಕಾರಿ ಬಯಲಲ್ಲಿ ಬಾಡಿಗೆ ಕೊಡದೆ ಗಾಡಿ ಹಾಕಿಕೊಂಡು ತಂಗುವುದಕ್ಕೆ ಅಮೆರಿಕದಲ್ಲಿ ಬೂನ್‌ಡಾಕಿಂಗ್ ಅನ್ನುತ್ತಾರೆ. ಅಲ್ಲಿ ತೆಗೆದ ಫೋಟೊ ಕೆಟ್ಟರೆ ಕ್ಯಾಮೆರಾವನ್ನು ಬೈಯುವ ಮೊದಲು ಗಾಡಿ ಯಾವ ದಿಕ್ಕಿಗೆ ನಿಂತಿತ್ತು ಎಂದು ನೋಡಿ. ಆ ದಿಕ್ಕು ಮನೆಯಲ್ಲಿ ಮ್ಯಾಪ್ ಮುಂದೆ ಕೂತಾಗಲೇ ತೀರ್ಮಾನವಾಗಬೇಕು.

ಮೊದಲು ನೆಲ ಯಾರದ್ದು ಎಂದು ತಿಳಿಯಿರಿ. ಕೇಂದ್ರ ಸರ್ಕಾರದ ಬಯಲುಗಳನ್ನು ನೋಡಿಕೊಳ್ಳುವ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್, ಅಂದರೆ ಬಿಎಲ್‌ಎಂ ಜಮೀನಿನಲ್ಲಿ ಸಾಮಾನ್ಯ ಮಿತಿ 28 ದಿನಗಳಲ್ಲಿ 14 ದಿನ. ನ್ಯಾಷನಲ್ ಫಾರೆಸ್ಟ್‌ಗಳಲ್ಲಿ ಒಂದೊಂದು ಕಡೆ ಒಂದೊಂದು ಲೆಕ್ಕ. ಅರಿಜೋನಾದ ಸ್ಟೇಟ್ ಟ್ರಸ್ಟ್ ಜಮೀನು, ಅಂದರೆ ರಾಜ್ಯದ ಕೈಯಲ್ಲಿರುವ ಜಮೀನು, ನೋಡಲು ಥೇಟ್ ಬಿಎಲ್‌ಎಂ ಬಯಲಿನ ಹಾಗೆಯೇ ಇದ್ದರೂ ಅಲ್ಲಿ ಪರ್ಮಿಟ್ ಬೇಕು. ಯಾವ ರಸ್ತೆಯಲ್ಲಿ ಗಾಡಿ ಓಡಿಸಬಹುದು ಎಂದು ತೋರಿಸುವ, ಫಾರೆಸ್ಟ್ ಸರ್ವಿಸ್ ಪುಕ್ಕಟೆ ಕೊಡುವ ಮೋಟಾರ್ ವೆಹಿಕಲ್ ಯೂಸ್ ಮ್ಯಾಪ್‌ನಲ್ಲಿ ರಸ್ತೆಯ ಪಕ್ಕ ಚುಕ್ಕಿಸಾಲು ಇದ್ದರೆ, ಗಾಡಿಯನ್ನು ರಸ್ತೆಯಿಂದ ಇಳಿಸಿ ತಂಗಬಹುದು. ಎಷ್ಟು ದೂರದವರೆಗೆ ಎಂಬುದು ಅದೇ ಮ್ಯಾಪಿನ ಪಟ್ಟಿಯಲ್ಲಿರುತ್ತದೆ. ಕಪ್ಪು-ಬಿಳುಪಿನ ಆ ಮ್ಯಾಪಿನಲ್ಲಿ ಬೆಟ್ಟ-ಕಣಿವೆ ಕಾಣುವುದಿಲ್ಲ, ಆದರೆ ಮ್ಯಾಪ್ ತೆರೆದು ನೋಡುವ ಅವೆಂಜಾ ಆಪ್‌ಗೆ ಇಳಿಸಿಕೊಂಡರೆ ಸಿಗ್ನಲ್ ಇಲ್ಲದ ಕಡೆಯೂ ನೀವು ನಿಂತ ಜಾಗ ತೋರಿಸುತ್ತದೆ.

ತಂಗುವ ಜಾಗಗಳನ್ನು ಪಟ್ಟಿಮಾಡುವ ಐಓವರ್‌ಲ್ಯಾಂಡರ್, ಕ್ಯಾಂಪೆಂಡಿಯಂ ಆಪ್‌ಗಳಲ್ಲಿ ಪಿನ್ ಬಿದ್ದ ಜಾಗಕ್ಕೆ ಎಲ್ಲರೂ ಬರುತ್ತಾರೆ. ಆ ಪಿನ್ನನ್ನು ರಸ್ತೆ ಹೇಗಿದೆ ಎಂದು ತಿಳಿಯಲು ಮಾತ್ರ ಬಳಸಿ, ಅಲ್ಲಿಂದ ಮುಂದಿನ ಎರಡು-ಮೂರು ಕವಲುದಾರಿಗಳನ್ನು ಗೂಗಲ್ ಅರ್ಥ್‌ನಲ್ಲಿ ಹಿಗ್ಗಿಸಿ ನೋಡಿ. ಕವಲಿನ ತುದಿಯಲ್ಲಿ ಬೋಳು ನೆಲ, ಅದರ ನಡುವೆ ಒಂದು ಕಪ್ಪು ಚುಕ್ಕೆ ಕಂಡರೆ ಅದು ಹೆಚ್ಚಾಗಿ ಹಿಂದೆ ತಂಗಿದವರ ಬೆಂಕಿಗೂಡು. ಅಳತೆಪಟ್ಟಿ ಎಳೆದು ಆ ಬೋಳು ನೆಲದ ಅಗಲ ನೋಡಿಕೊಳ್ಳಿ. ಟ್ರೇಲರ್ ಇದ್ದರೆ, ಗಾಡಿ-ಟ್ರೇಲರ್ ಸೇರಿದ ಉದ್ದದ ಎರಡರಷ್ಟು ಅಗಲವಾದರೂ ಇರಲಿ. ಇಲ್ಲದಿದ್ದರೆ ಅಷ್ಟೂ ದಾರಿ ರಿವರ್ಸ್‌ನಲ್ಲೇ ಬರಬೇಕಾದೀತು.

ಇನ್ನು ಸೂರ್ಯ. ದಕ್ಷಿಣ ಯೂಟಾದಂಥ 38 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ ಜೂನ್ ಕೊನೆಗೆ ಸೂರ್ಯ ದಿಕ್ಸೂಚಿಯ 60 ಡಿಗ್ರಿಯಲ್ಲಿ, ಅಂದರೆ ಈಶಾನ್ಯದ ಕಡೆ ಹುಟ್ಟಿದರೆ, ಡಿಸೆಂಬರ್ ಕೊನೆಗೆ 120ರಲ್ಲಿ, ಆಗ್ನೇಯದ ಕಡೆ. ಬೇಸಿಗೆಯ ಫೋಟೊ ನೋಡಿ ಚಳಿಗಾಲದಲ್ಲಿ ಹೋದವರಿಗೆ ಅದೇ ಬಂಡೆ ನೆರಳಲ್ಲಿ ಸಿಗುವುದು ಇದಕ್ಕೇ. ಸಂಜೆ ಬಂಡೆ ಕೆಂಪಾಗಬೇಕಾದರೆ ಅದು ನಿಮ್ಮ ಪೂರ್ವಕ್ಕಿರಬೇಕು. ಪಶ್ಚಿಮಕ್ಕೆ ಎತ್ತರದ ಗೋಡೆಯಿದ್ದರೆ ಸಂಜೆಯ ಬೆಳಕು ಹೊತ್ತಿಗೆ ಮುಂಚೆಯೇ ಹೋಯಿತೆಂದು ತಿಳಿಯಿರಿ.

ಸ್ಥಳಕ್ಕೆ ಸೂರ್ಯ ಮುಳುಗುವ ಮೂರು ಗಂಟೆ ಮೊದಲೇ ತಲುಪಿ. ಟ್ರೇಲರನ್ನು ಕವಲಿನ ಬಾಯಲ್ಲೇ ಬಿಟ್ಟು ಒಳಗೆ ನಡೆದು ನೋಡಿ ಬನ್ನಿ. ಹಳ್ಳ ದಾಟಿ ಏರುವ ಕಡೆ ಟ್ರೇಲರಿನ ಬಾಲ ನೆಲಕ್ಕೆ ತಾಗುತ್ತದೆ. ಮಣ್ಣನ್ನು ಕೈಯಲ್ಲಿ ಮುಟ್ಟಿ ನೋಡಿ: ಮೇಲ್ಪದರ ಪಾಪ್‌ಕಾರ್ನ್‌ನಂತೆ ಉಬ್ಬಿ, ಕಾಲಿಟ್ಟರೆ ಪುಡಿಯಾದರೆ ಅದು ಬೆಂಟೊನೈಟ್ ಜೇಡಿ. ಒಣಗಿದಾಗ ಕಾರೂ ಹೋಗುತ್ತದೆ, ಒಂದು ಮಳೆ ಬಿದ್ದರೆ ಟೈರಿನ ಗೆರೆಗಳಲ್ಲೆಲ್ಲ ತುಂಬಿಕೊಂಡು ಚಕ್ರ ನುಣ್ಣಗಾಗುತ್ತದೆ. ಆಗ ಫೋರ್‌ವೀಲ್ ಡ್ರೈವ್ ಇದ್ದೂ ಇಲ್ಲದ ಲೆಕ್ಕವೇ. ರಸ್ತೆ ಒಣಗುವವರೆಗೆ ಕಾಯುವುದೊಂದೇ ದಾರಿ, ಆದ್ದರಿಂದ ತಲೆಗೆ ದಿನಕ್ಕೆ ಒಂದು ಗ್ಯಾಲನ್‌ನಂತೆ (ಸುಮಾರು 3.8 ಲೀಟರ್) ಎರಡು ದಿನದ ನೀರು ಹೆಚ್ಚಿಗೆ ಇರಲಿ. ಒಣಹಳ್ಳದ ಮರಳು ಎಷ್ಟೇ ಚಪ್ಪಟೆಯಾಗಿದ್ದರೂ ಅಲ್ಲಿ ಗಾಡಿ ಹಾಕಬೇಡಿ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಎಲ್ಲೋ ದೂರದಲ್ಲಿ ಸುರಿದ ಮಳೆಗೆ ಇಲ್ಲಿ ಪ್ರವಾಹ ಬರುತ್ತದೆ.

ಕರ್ರಗೆ, ಗಂಟುಗಂಟಾಗಿ ಕಾಣುವ ನೆಲ ಸೂಕ್ಷ್ಮಜೀವಿಗಳು ಕಟ್ಟಿದ ಜೀವಂತ ಪದರ. ಒಂದು ಹೆಜ್ಜೆಯ ಗುರುತು ಮಾಯಲು ವರ್ಷಗಳೇ ಬೇಕು. ಒಳ್ಳೆಯ ಆ್ಯಂಗಲ್ ಅಂತ ಅದನ್ನು ತುಳಿಯದೆ, ಬಂಡೆಯ ಮೇಲೋ ಮರಳಿನ ಮೇಲೋ ನಡೆಯಿರಿ.

ಫೋಟೊಕ್ಕೆ ಎಲ್ಲರೂ ವೈಡ್ ಲೆನ್ಸ್ ಹಾಕುತ್ತಾರೆ, ಬೆಟ್ಟ ಗುಬ್ಬಿಯಷ್ಟಾಗುತ್ತದೆ. ಗಾಡಿಯಿಂದ 200-300 ಅಡಿ ಹಿಂದೆ ಹೋಗಿ 85ರಿಂದ 135 ಮಿ.ಮೀ.ನಲ್ಲಿ ತೆಗೆದರೆ ಬೆಟ್ಟ ಗಾಡಿಯ ಬೆನ್ನಿಗೇ ಎದ್ದು ನಿಂತಂತಿರುತ್ತದೆ. ಸೂರ್ಯ ಮುಳುಗಿ 20-30 ನಿಮಿಷಕ್ಕೆ ಆಕಾಶದ ನೀಲಿಯೂ ಕಿಟಕಿಯ ದೀಪವೂ ಒಂದು ಹದಕ್ಕೆ ಬರುತ್ತವೆ. ಆ ಹತ್ತು ನಿಮಿಷ ಬಿಟ್ಟರೆ ಆಮೇಲೆ ಕಿಟಕಿ ಬರೀ ಬಿಳಿ ಚೌಕ. ಹಳದಿ ದೀಪ ಒಂದೇ ಸಾಕು, ಅದರ ಮೇಲೊಂದು ಬಟ್ಟೆ ಇಳಿಬಿಡಿ. ಐಎಸ್‌ಒ 200, ಎಫ್/8ರಿಂದ ಶುರುಮಾಡಿ ಶಟರನ್ನು ಬೆಳಕಿಗೆ ತಕ್ಕಂತೆ ಹೊಂದಿಸಿ. ಟ್ರೈಪಾಡ್ ಬೇಕೇ ಬೇಕು, ಕೈನಡುಕ ಸರಿದೂಗಿಸುವ ಲೆನ್ಸಿನ ಸ್ಟೆಬಿಲೈಸೇಶನ್ ಆಫ್ ಇರಲಿ. ಟ್ರೈಪಾಡ್ ಗಟ್ಟಿಯಾಗಿದ್ದೂ ಗಾಡಿ ಮಾತ್ರ ಮಸುಕಾಗಿ ಬಂದರೆ ಯಾರೋ ಒಳಗೆ ಓಡಾಡುತ್ತಿದ್ದಾರೆ ಎಂದರ್ಥ, ಕೂರಲು ಹೇಳಿ.

ಆಕಾಶಗಂಗೆಗೆ ಅಮಾವಾಸ್ಯೆಯ ಆಚೀಚೆ ಜೂನ್-ಜುಲೈಯ ರಾತ್ರಿಗಳು, ದಕ್ಷಿಣಕ್ಕೆ ತೆರೆದ ಜಾಗ. ಎಫ್/2.8, ಐಎಸ್‌ಒ 3200, 24 ಮಿ.ಮೀ. ಲೆನ್ಸಿಗೆ 20 ಸೆಕೆಂಡ್. 500ನ್ನು ಫೋಕಲ್ ಲೆಂತ್‌ನಿಂದ ಭಾಗಿಸಿದರೆ ಬರುವ ಈ ಮಿತಿ ದೊಡ್ಡ ಸೆನ್ಸರಿನ ಫುಲ್‌ಫ್ರೇಮ್ ಕ್ಯಾಮೆರಾಕ್ಕೆ, ಚಿಕ್ಕ ಸೆನ್ಸರಿನ 1.5 ಕ್ರಾಪ್ ಕ್ಯಾಮೆರಾಕ್ಕೆ ಸುಮಾರು 14 ಸೆಕೆಂಡ್. ಅದಕ್ಕೂ ಹೆಚ್ಚಾದರೆ ನಕ್ಷತ್ರ ಗೀರಾಗುತ್ತದೆ. ಗಾಡಿಯ ದೀಪವನ್ನು ಆ 20 ಸೆಕೆಂಡಿನಲ್ಲಿ ಒಂದೆರಡು ಸೆಕೆಂಡ್ ಮಾತ್ರ ಹಚ್ಚಿ ಆರಿಸಿ.

ನ್ಯಾಷನಲ್ ಪಾರ್ಕಿನ ಗಡಿಯೊಳಗೆ ಡ್ರೋನ್ ಹಾರಿಸುವಂತಿಲ್ಲ, ವಿಲ್ಡರ್‌ನೆಸ್, ಅಂದರೆ ಕಾನೂನಿನಿಂದ ರಕ್ಷಿತ ಕಾಡುಪ್ರದೇಶ ಎಂದು ಗುರುತಾದ ಕಡೆಯೂ ಬೇಡ. ಫೋಟೊ ಹಂಚುವ ಮೊದಲು ಫೈಲಿನಲ್ಲಿರುವ ಜಿಪಿಎಸ್ ಅಂಕಿಗಳನ್ನು ಅಳಿಸಿ. ಕೇಳಿದವರಿಗೆ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಹೆಸರು ಹೇಳಿದರೆ ಸಾಕು, ಕವಲನ್ನು ಅವರೇ ಮ್ಯಾಪಿನಲ್ಲಿ ಹುಡುಕಿಕೊಳ್ಳಲಿ.