ಕಣ್ಣಿನ ಚಲನೆ ದಾಖಲಿಸುವ ಮುನ್ನ ಕಾಡಿಗೆ ಒರೆಸಿ

ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆಯ ಸಂಶೋಧನೆಗಾಗಿ ಕಣ್ಣಿನ ಚಲನೆ ದಾಖಲಿಸುವುದು ನನ್ನ ಕೆಲಸ. ಹೊಸದಾಗಿ ಸೇರಿದವರಿಗೆ ನಾನು ಮೊದಲು ಹೇಳುವುದು ಕಾಡಿಗೆಯ ವಿಷಯ. ಕ್ಯಾಮೆರಾ ಕಣ್ಣಿನ ಪಾಪೆಯನ್ನು ಕಪ್ಪು ಚುಕ್ಕೆಯೆಂದು ಗುರುತಿಸುತ್ತದೆ, ಕಾಡಿಗೆಯೂ ಕಪ್ಪೇ. ಒದ್ದೆ ಹತ್ತಿ, ಕನ್ನಡಿ ಕೊಡಿ. ಅವರೇ ಒರೆಸಿಕೊಳ್ಳಲಿ.

ಬಂದವರನ್ನು ಕೂಡಲೇ ಯಂತ್ರದ ಮುಂದೆ ಗದ್ದ ಊರಿಸಿ ಕೂರಿಸಬೇಡಿ. ರಾತ್ರಿ ನಿದ್ರೆ ಬಂತೇ, ಯಾವ ಮಾತ್ರೆ ಎಷ್ಟು ಹೊತ್ತಿಗೆ ನುಂಗಿದರು, ಬೀಡಿ ಸೇದಿ ಎಷ್ಟು ಹೊತ್ತಾಯಿತು ಎಂದು ಕೇಳಿ ಬರೆದುಕೊಳ್ಳಿ. ಡಯಾಜೆಪಾಮ್‌ನಂಥ ಆತಂಕ ತಗ್ಗಿಸುವ ಮಾತ್ರೆ ಕಣ್ಣಿನ ವೇಗವನ್ನು ತಗ್ಗಿಸುತ್ತದೆ; ನಿಕೋಟಿನ್ ಕೂಡ ಫಲಿತಾಂಶವನ್ನು ಬದಲಿಸಬಲ್ಲದು. ‘ಪರೀಕ್ಷೆ ಇದೆಯೆಂದು ಮಾತ್ರೆ ಬಿಟ್ಟು ಬಂದೆ’ ಎಂದು ಯುವಕನೊಬ್ಬ ಹೇಳಿದಾಗ ನನ್ನ ಎದೆ ಧಸಕ್ಕೆಂದಿತು. ಅಂದು ದಾಖಲಿಸದೆ ಅವನನ್ನು ವೈದ್ಯರ ಬಳಿಗೆ ಕರೆದೊಯ್ದೆ. ಈಗ ಹಿಂದಿನ ದಿನವೇ ಫೋನ್ ಮಾಡಿ, ಮಾತ್ರೆ ತಪ್ಪಿಸಬೇಡಿ ಎನ್ನುತ್ತೇನೆ.

ಒಂಬತ್ತು ಚುಕ್ಕೆಗಳನ್ನು ಒಂದೊಂದಾಗಿ ನೋಡಿಸಿ ಯಂತ್ರವನ್ನು ಹೊಂದಿಸಿಕೊಳ್ಳಿ. ಆಮೇಲೆ ಅತ್ತಿಂದಿತ್ತ ಸರಿಯುವ ಚುಕ್ಕೆಯನ್ನು ಹಿಂಬಾಲಿಸಲು ಹೇಳಿ. ಸ್ಕಿಜೋಫ್ರೇನಿಯಾ ಇರುವ ಹಲವರ ಕಣ್ಣು ಹಿಂದೆ ಬಿದ್ದು, ಸಣ್ಣ ಜಿಗಿತಗಳಲ್ಲಿ ಅದನ್ನು ಮುಟ್ಟುತ್ತದೆ. ಡೀಫೆನ್‌ಡಾರ್ಫ್ ಮತ್ತು ಡಾಡ್ಜ್ ಎಂಬ ಸಂಶೋಧಕರು 1908ರಲ್ಲೇ ಛಾಯಾಚಿತ್ರದ ಮೂಲಕ ಇದನ್ನು ಕಂಡಿದ್ದರು. 1974ರಲ್ಲಿ ಮನೋವಿಜ್ಞಾನಿ ಫಿಲಿಪ್ ಹಾಲ್ಜ್‌ಮನ್ ಮತ್ತು ಸಂಗಡಿಗರು ರೋಗಿಗಳ ರಕ್ತಸಂಬಂಧಿಗಳಲ್ಲಿಯೂ ಇದು ಕಾಣುತ್ತದೆಂದು ವರದಿ ಮಾಡಿದರು. ಕಾಯಿಲೆಯಿಲ್ಲದ ಅಣ್ಣತಮ್ಮ, ಅಕ್ಕತಂಗಿಯರನ್ನೂ ನಾವು ಕರೆಯುವುದು ಅದಕ್ಕಾಗಿಯೇ.

ಮುಂದಿನದು ಕಠಿಣ. ಚುಕ್ಕೆ ಬಲಕ್ಕೆ ಮೂಡಿದರೆ ಎಡಕ್ಕೆ ನೋಡಬೇಕು, ಎಡಕ್ಕೆ ಮೂಡಿದರೆ ಬಲಕ್ಕೆ. ಸೂಚನೆಯನ್ನು ಅವರ ಮನೆಮಾತಿನಲ್ಲೇ ಹೇಳಿ, ಅವರ ಬಾಯಿಂದಲೇ ಮರಳಿ ಹೇಳಿಸಿ, ಕೆಲವು ಸಲ ಅಭ್ಯಾಸ ಮಾಡಿಸಿ. ಸೂಚನೆ ಅರ್ಥವಾಗದೆ ಆದ ತಪ್ಪನ್ನು ಮಿದುಳಿನ ತಪ್ಪೆಂದು ಬರೆದುಬಿಟ್ಟರೆ ಅದು ನಮ್ಮ ಅನ್ಯಾಯ. ಆರೋಗ್ಯವಂತರೂ ಇದರಲ್ಲಿ ತಪ್ಪುತ್ತಾರೆ, ರೋಗಿಗಳು ಹೆಚ್ಚು ಸಲ ತಪ್ಪುತ್ತಾರೆ. ಕಣ್ಣು ಚುಕ್ಕೆಯ ಕಡೆಗೇ ಓಡಿದಾಗ ‘ಛೆ’ ಎನ್ನಬೇಡಿ. ಗದ್ದ ಅಲುಗದಿದ್ದರೂ ಭುಜ ಕುಗ್ಗುವುದನ್ನು ನಾನು ಕಂಡಿದ್ದೇನೆ.

ಕಣ್ಣಿನ ಚಲನೆ ಪರದೆಯ ಮೇಲೆ ಗೆರೆಯಾಗಿ ಮೂಡುತ್ತದೆ. ‘ಗೆರೆ ನೋಡಿ ಹೇಳಿ, ನನ್ನ ಕಿರಿಯ ಮಗಳಿಗೂ ಈ ಕಾಯಿಲೆ ಬರುತ್ತದೆಯೇ?’ ಎಂದು ತಾಯಂದಿರು ಕೇಳುತ್ತಾರೆ. ಗುಂಪುಗಳ ಸರಾಸರಿಯಲ್ಲಿ ವ್ಯತ್ಯಾಸ ಕಾಣುತ್ತದೆ, ಆದರೆ ಒಬ್ಬೊಬ್ಬರ ಗೆರೆಗಳು ಒಂದರೊಳಗೊಂದು ಬೆರೆತಿರುತ್ತವೆ. ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ತೂಗಾಡುವ ಬೈಪೋಲಾರ್ ಕಾಯಿಲೆಯಲ್ಲಿಯೂ ಇಂಥ ಬದಲಾವಣೆಗಳಿವೆ. ಆದ್ದರಿಂದ ಈ ಗೆರೆಯಿಂದ ಅವಳ ನಾಳೆಯನ್ನು ಹೇಳಲಾಗದು ಎಂದು ಸ್ಪಷ್ಟವಾಗಿ ಹೇಳಿ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಮೊದಲೇ ಹೇಳಿ.